ಮೊದಲ ಮನೆಗೆ ಆಸರೆ: ಮದೀನಾ ನಮಗೆ ಕಲಿಸಿದ ಪಾಠ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಜುಮಾ ನಮಾಝಿನ ಬಳಿಕ ಮಸೀದಿಯ ಜಗಲಿಯಲ್ಲಿ ನಮ್ಮ ಬಳಿ ಬಂದು ಕುಳಿತುಕೊಳ್ಳುವ ಯುವಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಲ್ಲಿ ಮನೆಯ ಪ್ರಶ್ನೆಯೂ ಒಂದು. “ಹಝ್ರತ್, ಮದುವೆಯಾಗಿ ಆರು ವರ್ಷವಾಯಿತು. ಇನ್ನೂ ಬಾಡಿಗೆ ಮನೆ. ವರ್ಷಕ್ಕೊಮ್ಮೆ ಬಾಡಿಗೆ ಏರುತ್ತದೆ. ಮಾಲೀಕರು ಹೇಳಿದ ದಿನ ಹೆಂಡತಿ ಮಕ್ಕಳೊಂದಿಗೆ ಸಾಮಾನು ಹೊತ್ತು ಹೊರಡಬೇಕು. ಬ್ಯಾಂಕು ಸಾಲ ಕೊಡುತ್ತದೆ, ಆದರೆ ಬಡ್ಡಿ ಇದೆ. ಸರಕಾರದ ಯೋಜನೆಯೂ ಇದೆಯಂತೆ, ಅದನ್ನು ತೆಗೆದುಕೊಳ್ಳಬಹುದೇ?” ಹೀಗೆ ಕೇಳುವವರ ಮುಖದಲ್ಲಿ ದುರಾಸೆ ಇರುವುದಿಲ್ಲ, ದಣಿವು ಇರುತ್ತದೆ.

ನಾವು ‘ಬಡ್ಡಿ ಹರಾಮ್’ ಎಂದು ಉತ್ತರಿಸುತ್ತೇವೆ. ಉತ್ತರ ಸರಿಯೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಒಂದು ಮಾತಿನೊಂದಿಗೆ ನಮ್ಮ ಹೊಣೆ ಮುಗಿಯಿತೇ? ಇಸ್ಲಾಮಿನ ಇತಿಹಾಸದ ಮೊದಲ ಹತ್ತು ವರ್ಷಗಳನ್ನು ಕ್ರಮವಾಗಿ ಓದಿದರೆ, ಮುಗಿಯಲಿಲ್ಲ ಎಂದೇ ಒಪ್ಪಬೇಕಾಗುತ್ತದೆ. ಬಡ್ಡಿಯ ಕುರಿತು ಮಕ್ಕಾದ ಕಾಲದಲ್ಲೇ ಅಸಮ್ಮತಿಯ ಸೂಚನೆ ಬಂದಿತ್ತು. ಅದರ ವಿರುದ್ಧ ಕಠಿಣ ಎಚ್ಚರಿಕೆ ಉಹುದ್ ಯುದ್ಧದ ಆಸುಪಾಸಿನಲ್ಲಿ ಅವತೀರ್ಣವಾಯಿತು. ಪೂರ್ಣ ನಿಷೇಧವನ್ನು ಸಾರುವ ಬಕರ ಅಧ್ಯಾಯದ ವಚನಗಳು ಕೊನೆಕೊನೆಗೆ ಅವತೀರ್ಣವಾದವುಗಳಲ್ಲಿ ಸೇರಿವೆ. ಹಿಜರಿ 10ರ ವಿದಾಯ ಹಜ್ಜ್‌ನಲ್ಲಿ ಪ್ರವಾದಿ ಮುಹಮ್ಮದ್(ಸ)ರು ಹಳೆಯ ಬಡ್ಡಿ ಬಾಕಿಗಳೆಲ್ಲ ರದ್ದಾದವೆಂದು ಘೋಷಿಸಿದರು. ಎಲ್ಲಕ್ಕಿಂತ ಮೊದಲು ತಮ್ಮ ಚಿಕ್ಕಪ್ಪ ಅಬ್ಬಾಸ್(ರ)ರಿಗೆ ಬರಬೇಕಿದ್ದ ಬಡ್ಡಿಯನ್ನೇ ರದ್ದುಪಡಿಸಿದರು. ಆದರೆ ಮನೆಯಿಲ್ಲದವರಿಗೆ ಮನೆ ಒದಗಿಸುವ ಕೆಲಸ ಹಿಜರಿ 1ರಲ್ಲೇ ಆರಂಭವಾಗಿತ್ತು. ಆಸರೆ ಮೊದಲು ಬಂತು, ಪೂರ್ಣ ನಿಷೇಧ ಆನಂತರ ಬಂತು. ನಿಷೇಧವು ಇಂದು ಪೂರ್ಣಗೊಂಡಿದೆ, ಅದನ್ನು ಸಡಿಲಿಸುವ ಅಧಿಕಾರ ಯಾರಿಗೂ ಇಲ್ಲ. ನಾವು ಮರೆತಿರುವುದು ಅದಕ್ಕಿಂತ ಮುಂಚಿನ ಆ ಹೊಣೆಯನ್ನು.

ಚೀಟಿ ಎತ್ತಿ ಅತಿಥಿಗಳನ್ನು ಹಂಚಿಕೊಂಡ ಊರು

ಕ್ರಿ.ಶ. 622ರಲ್ಲಿ ಮಕ್ಕಾದಿಂದ ಹಿಜ್ರತ್ ಮಾಡಿ ಬಂದ ಮುಹಾಜಿರ್‌ಗಳು ಬಡವರಾಗಿ ಹುಟ್ಟಿದವರಲ್ಲ. ಅವರಲ್ಲಿ ವ್ಯಾಪಾರಿಗಳಿದ್ದರು, ಸ್ವಂತ ಮನೆಯುಳ್ಳವರಿದ್ದರು. ವಿಶ್ವಾಸಕ್ಕಾಗಿ ಎಲ್ಲವನ್ನೂ ಮಕ್ಕಾದಲ್ಲಿ ಬಿಟ್ಟು ಬಂದವರು ಅವರು. ಯಸ್ರಿಬ್ ಎಂಬ ಆ ಕೃಷಿಕರ ಊರಿನಲ್ಲಿ ಅವರಿಗೆ ಹೊಲವಿರಲಿಲ್ಲ, ಖರ್ಜೂರದ ತೋಟವಿರಲಿಲ್ಲ, ತಲೆಯ ಮೇಲೆ ಸೂರು ಇರಲಿಲ್ಲ.

ಅವರನ್ನು ಮನೆಗೆ ಕರೆದೊಯ್ಯಲು ಅನ್ಸಾರ್‌ಗಳ ನಡುವೆ ಎಷ್ಟು ಪೈಪೋಟಿ ಇತ್ತೆಂದರೆ, ಚೀಟಿ ಎತ್ತಿ ನಿರ್ಧರಿಸಬೇಕಾಯಿತು. ಉಮ್ಮುಲ್ ಅಲಾ(ರ) ಎಂಬ ಅನ್ಸಾರಿ ಮಹಿಳೆ, ತಮ್ಮ ಕುಟುಂಬದ ಪಾಲಿಗೆ ಉಸ್ಮಾನ್ ಬಿನ್ ಮಝ್‌ಊನ್(ರ)ರು ಬಂದರೆಂದು ಹೇಳಿದ ವರದಿ ಸಹೀಹ್ ಬುಖಾರಿಯಲ್ಲಿದೆ. ಉಸ್ಮಾನ್(ರ)ರು ಆ ಮನೆಯಲ್ಲೇ ಕಾಯಿಲೆ ಬಿದ್ದರು, ಆ ಮನೆಯವರೇ ಅವರ ಶುಶ್ರೂಷೆ ಮಾಡಿದರು, ಅಲ್ಲೇ ಅವರು ನಿಧನರಾದರು. ಚೀಟಿಯಲ್ಲಿ ಬಂದ ಅತಿಥಿ ಕೊನೆಯುಸಿರಿನವರೆಗೆ ಮನೆಯ ಮಗನಂತೆ ಉಳಿದರು.

ಪ್ರವಾದಿ(ಸ)ರು ಸ್ವತಃ ಅಬೂ ಅಯ್ಯೂಬ್ ಅನ್ಸಾರಿ(ರ)ರ ಮನೆಯಲ್ಲಿ ಕೆಲವು ತಿಂಗಳು ತಂಗಿದ್ದರು. ಮಸೀದಿ ಕಟ್ಟಲು ಆರಿಸಿದ ಜಾಗ ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಹುಡುಗರದ್ದಾಗಿತ್ತು. ಉಚಿತವಾಗಿ ಕೊಡುತ್ತೇವೆಂದು ಅವರು ಮುಂದೆ ಬಂದರೂ ಪ್ರವಾದಿ(ಸ)ರು ಒಪ್ಪಲಿಲ್ಲ. ಬೆಲೆ ಕೊಟ್ಟೇ ಕೊಂಡರು. ಇಡೀ ಊರು ಹೃದಯ ತೆರೆದು ಕೊಡುತ್ತಿದ್ದ ಆ ದಿನಗಳಲ್ಲೂ ದುರ್ಬಲರ ನೆಲವನ್ನು ದಾನದ ಹೆಸರಿನಲ್ಲಿ ಪಡೆಯಬಾರದೆಂಬ ಎಚ್ಚರ ಅಲ್ಲಿತ್ತು. ಅನಾಥರ ಸೊತ್ತು, ಸಹೋದರಿಯರ ಪಾಲು, ಜಮಾಅತಿನ ಜಾಗ ಇವುಗಳ ವಿಷಯದಲ್ಲಿ ಮಾತು ಬಂದಾಗಲೆಲ್ಲ ನಾವು ಈ ಇಬ್ಬರು ಹುಡುಗರನ್ನು ನೆನೆಯಬೇಕು.

ಅರ್ಧ ಆಸ್ತಿಯೂ ಮಾರುಕಟ್ಟೆಯ ದಾರಿಯೂ

ಬಳಿಕ ಮುಹಾಜಿರ್ ಮತ್ತು ಅನ್ಸಾರ್‌ಗಳ ನಡುವೆ ಭ್ರಾತೃತ್ವದ ಒಪ್ಪಂದ ಏರ್ಪಟ್ಟಿತು. ಒಂದು ವರದಿಯಂತೆ ಅದರಲ್ಲಿ ಭಾಗಿಯಾದವರು 90 ಮಂದಿ. ಅರ್ಧದಷ್ಟು ಮುಹಾಜಿರ್‌ಗಳು, ಅರ್ಧದಷ್ಟು ಅನ್ಸಾರ್‌ಗಳು. ಆರಂಭದಲ್ಲಿ ಈ ಸಹೋದರರು ಒಬ್ಬರಿಗೊಬ್ಬರು ವಾರಸುದಾರರೂ ಆಗಿದ್ದರು. ಬದ್ರ್ ನಂತರ ವಾರಸಿನ ಹಕ್ಕು ರಕ್ತಸಂಬಂಧಿಗಳಿಗೇ ಮರಳಿತು.

ಸಅದ್ ಬಿನ್ ರಬೀಅ್(ರ)ರು ತಮ್ಮ ಸಹೋದರ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಆಸ್ತಿಯಲ್ಲಿ ಅರ್ಧ ಕೊಡಲು ಮುಂದಾದ ಘಟನೆ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಅಬ್ದುರ್ರಹ್ಮಾನ್(ರ)ರು ಅವರಿಗಾಗಿ ದುಆ ಮಾಡಿ, ಮಾರುಕಟ್ಟೆಗೆ ದಾರಿ ತೋರಿಸಿರೆಂದರು. ಬನೂ ಕೈನುಕಾಅ್‌ನವರ ಮಾರುಕಟ್ಟೆಗೆ ಹೋಗಿ ತುಪ್ಪ ಮತ್ತು ಒಣಗಿಸಿದ ಗಿಣ್ಣಿನ ವ್ಯಾಪಾರ ಆರಂಭಿಸಿದರು. ಸ್ವಲ್ಪ ಕಾಲದಲ್ಲೇ ಮದುವೆಯಾಗಿ ಸಂಸಾರ ಹೂಡಿದರು. ಈ ಕತೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಅಬ್ದುರ್ರಹ್ಮಾನ್(ರ)ರ ಸ್ವಾಭಿಮಾನವನ್ನು ಮಾತ್ರ ಹೊಗಳುತ್ತೇವೆ. ಆದರೆ ನಿರಾಕರಿಸಲು ಮೊದಲು ಕೊಡುಗೆ ಎದುರಿಗಿರಬೇಕು. ಸಅದ್(ರ)ರಂತಹವರಿಲ್ಲದ ಊರಿನಲ್ಲಿ ಕುಳಿತು ಯುವಕರಿಗೆ ಅಬ್ದುರ್ರಹ್ಮಾನ್(ರ)ರಂತಾಗಿ ಎಂದು ಉಪದೇಶಿಸುವುದು ನ್ಯಾಯವಲ್ಲ.

ಅನ್ಸಾರ್‌ಗಳು ತಮ್ಮ ಖರ್ಜೂರದ ತೋಟಗಳನ್ನೂ ಹಂಚಿಬಿಡಿ ಎಂದು ಪ್ರವಾದಿ(ಸ)ರಲ್ಲಿ ಕೇಳಿಕೊಂಡರು. ಪ್ರವಾದಿ(ಸ)ರು ಬೇಡವೆಂದರು. ತೋಟದ ಒಡೆತನ ಅನ್ಸಾರ್‌ಗಳಲ್ಲೇ ಉಳಿಯಿತು. ಮುಹಾಜಿರ್‌ಗಳು ದುಡಿಮೆಯಲ್ಲಿ ಕೈಜೋಡಿಸುವುದು, ಫಸಲಿನಲ್ಲಿ ಇಬ್ಬರೂ ಪಾಲುದಾರರಾಗುವುದು ಎಂದು ತೀರ್ಮಾನವಾಯಿತು. ಕೊಡುವವನು ಬರಿಗೈಯಾಗಲಿಲ್ಲ, ಪಡೆಯುವವನು ಕೈಚಾಚುವವನಾಗಲಿಲ್ಲ. ಮುಂದೆ ಫಿಕ್ಹ್ ಗ್ರಂಥಗಳು ವಿಸ್ತಾರವಾಗಿ ಚರ್ಚಿಸಿದ ಪಾಲುದಾರಿಕೆಯ ತತ್ವದ ಜೀವಂತ ಮಾದರಿ ಇಲ್ಲಿದೆ.

ಹೊಸ ದಂಪತಿಗೆ ಮನೆ ಬಿಟ್ಟುಕೊಟ್ಟವರು

ಮಸೀದಿಯ ಹತ್ತಿರ ಹಾರಿಸಾ ಬಿನ್ ನುಅ್ಮಾನ್(ರ)ರ ಮನೆಗಳಿದ್ದವು. ಇಬ್ನ್ ಸಅದ್‌ರ ಗ್ರಂಥದಲ್ಲಿ ಒಂದು ಮನಮುಟ್ಟುವ ಪ್ರಸಂಗ ದಾಖಲಾಗಿದೆ. ಅಲೀ(ರ) ಮತ್ತು ಫಾತಿಮಾ(ರ)ರ ವಿವಾಹವಾದಾಗ ಅವರಿಗೆ ಸಿಕ್ಕಿದ ಮನೆ ಸ್ವಲ್ಪ ದೂರದಲ್ಲಿತ್ತು. ಮಗಳು ಹತ್ತಿರವಿರಬೇಕೆಂದು ತಂದೆಗೆ ಆಸೆ. ಹಾರಿಸಾ(ರ)ರಲ್ಲಿ ಕೇಳಬಹುದಲ್ಲವೇ ಎಂದು ಮಗಳು ಸೂಚಿಸಿದರು. ಹಾರಿಸಾ ಈಗಾಗಲೇ ನಮಗಾಗಿ ಹಲವು ಬಾರಿ ಮನೆ ಬಿಟ್ಟುಕೊಟ್ಟಿದ್ದಾರೆ, ಇನ್ನೊಮ್ಮೆ ಕೇಳಲು ಸಂಕೋಚವಾಗುತ್ತದೆ ಎಂಬ ಅರ್ಥದಲ್ಲಿ ಪ್ರವಾದಿ(ಸ)ರು ಉತ್ತರಿಸಿದರು. ಈ ಮಾತು ಹೇಗೋ ಹಾರಿಸಾ(ರ)ರ ಕಿವಿಗೆ ಬಿತ್ತು. ಅವರು ತಾವಾಗಿಯೇ ಬಂದು ಮನೆಯನ್ನು ಒಪ್ಪಿಸಿದರು. ನೀವು ನನ್ನಿಂದ ತೆಗೆದುಕೊಂಡದ್ದೇ ನೀವು ಬಿಟ್ಟದ್ದಕ್ಕಿಂತ ನನಗೆ ಪ್ರಿಯವೆಂಬುದು ಅವರ ಭಾವವಾಗಿತ್ತು.

ಅಲ್ಲಾಹನ ಸಂದೇಶವಾಹಕರ ಮಗಳ ಮೊದಲ ಸಂಸಾರಕ್ಕೂ ಒಬ್ಬ ನೆರೆಯವನ ನೆರವು ಬೇಕಾಗಿತ್ತು! ಮನೆಗಾಗಿ ನೆರವು ಪಡೆಯುವುದು ಅವಮಾನವೆಂದು ಕುಗ್ಗುವ ನಮ್ಮ ಮಕ್ಕಳಿಗೆ ಇದನ್ನು ಹೇಳಬೇಕು. ಯಾರಾದರೂ ಕೇಳಲಿ, ಆಮೇಲೆ ನೋಡೋಣ ಎಂದು ಕುಳಿತಿರುವ ನಮ್ಮ ಸ್ಥಿತಿವಂತರಿಗೂ ಹೇಳಬೇಕು. ಹಾರಿಸಾ(ರ)ರು ಕೇಳುವವರೆಗೆ ಕಾಯಲಿಲ್ಲ.

ಮನೆ ಸಿಗದೆ ಉಳಿದವರಿಗೆ ಮಸೀದಿಯ ಒಂದು ಬದಿಯಲ್ಲಿ ನೆರಳಿನ ಜಗಲಿಯಿತ್ತು. ಅದೇ ಸುಫ್ಫಾ. ಅಬೂ ಹುರೈರಾ(ರ)ರೂ ಅಲ್ಲಿ ವಾಸವಾಗಿದ್ದರು. ಆ ಜಗಲಿಯೇ ಅವರಿಗೆ ಪಾಠಶಾಲೆಯೂ ಆಯಿತು.

ಸಾಲದ ಮರಗಳು ಹಿಂದಿರುಗಿದ ದಿನ

ಹಿಜರಿ 4ರಲ್ಲಿ ಬನೂ ನಝೀರ್‌ನವರ ಭೂಮಿ ಇಸ್ಲಾಮೀ ಆಡಳಿತದ ಕೈಸೇರಿದಾಗ ಅದನ್ನು ಮುಖ್ಯವಾಗಿ ಮುಹಾಜಿರ್‌ಗಳಿಗೆ ಹಂಚಲಾಯಿತು. ಅನ್ಸಾರ್‌ಗಳಲ್ಲಿ ತೀರಾ ಬಡವರಾಗಿದ್ದ ಅಬೂ ದುಜಾನಾ(ರ) ಮತ್ತು ಸಹ್ಲ್ ಬಿನ್ ಹುನೈಫ್(ರ) ಎಂಬ ಇಬ್ಬರಿಗೂ ಪಾಲು ಸಿಕ್ಕಿತು. ಉಳಿದ ಅನ್ಸಾರ್‌ಗಳು ಗೊಣಗಲಿಲ್ಲ. ಹಶ್ರ್ ಅಧ್ಯಾಯದ 9ನೇ ವಚನ ಅವರ ಈ ಗುಣವನ್ನು, ತಮಗೆ ಅಗತ್ಯವಿದ್ದರೂ ಇತರರನ್ನು ಮುಂದೆ ಮಾಡುವ ಆ ಮನಸ್ಸನ್ನು, ಕೊಂಡಾಡುತ್ತದೆ.

ಹಿಜರಿ 7ರಲ್ಲಿ, ಅಂದರೆ ಕ್ರಿ.ಶ. 628ರಲ್ಲಿ, ಖೈಬರ್ ವಿಜಯದ ನಂತರ ಮುಹಾಜಿರ್‌ಗಳ ಸ್ಥಿತಿ ಸುಧಾರಿಸಿತು. ಆಗ ನಡೆದುದನ್ನು ಅನಸ್(ರ)ರು ವರದಿ ಮಾಡಿದ್ದಾರೆ. ಫಲ ತಿನ್ನಲೆಂದು ಅನ್ಸಾರ್‌ಗಳು ಬಿಟ್ಟುಕೊಟ್ಟಿದ್ದ ಖರ್ಜೂರದ ಮರಗಳನ್ನೆಲ್ಲ ಮುಹಾಜಿರ್‌ಗಳು ಹಿಂದಿರುಗಿಸಿದರು. ಅನಸ್(ರ)ರ ತಾಯಿ ಉಮ್ಮು ಸುಲೈಮ್(ರ)ರು ಕೆಲವು ಮರಗಳನ್ನು ಪ್ರವಾದಿ(ಸ)ರಿಗೆ ಕೊಟ್ಟಿದ್ದರು. ಅವರು ಅವುಗಳನ್ನು ತಮ್ಮನ್ನು ಎತ್ತಿ ಆಡಿಸಿದ್ದ ಉಮ್ಮು ಐಮನ್(ರ)ರಿಗೆ ಕೊಟ್ಟಿದ್ದರು. ಮರಳಿಸುವ ವೇಳೆ ಬಂದಾಗ ಆ ವೃದ್ಧೆ ಒಪ್ಪಲಿಲ್ಲ. ಪ್ರವಾದಿ(ಸ)ರು ಗದರಲಿಲ್ಲ. ಬದಲಿಗೆ ಇಷ್ಟು ಕೊಡುತ್ತೇನೆ, ಇನ್ನಷ್ಟು ಕೊಡುತ್ತೇನೆ ಎನ್ನುತ್ತಾ ಸುಮಾರು ಹತ್ತು ಪಟ್ಟಿನವರೆಗೆ ಹೋಗಿ ಅವರನ್ನು ಸಮಾಧಾನಪಡಿಸಿದರು. ಉಮ್ಮು ಸುಲೈಮ್(ರ)ರ ಮರಗಳು ಅವರಿಗೇ ಸೇರಿದವು.

ಮದೀನಾದ ಆಸರೆಯ ಸ್ವರೂಪ ಈ ಒಂದೇ ಘಟನೆಯಲ್ಲಿದೆ. ನೆರವು ಉದಾರವಾಗಿತ್ತು, ಆದರೆ ಯಾವುದು ಯಾರದೆಂಬುದು ಐದಾರು ವರ್ಷ ಕಳೆದರೂ ಯಾರಿಗೂ ಮರೆತುಹೋಗಿರಲಿಲ್ಲ. ಪಡೆದವರು ಚೇತರಿಸಿಕೊಂಡೊಡನೆ ಮರಳಿಸಿದರು. ಮರಳಿಸಲು ಕಷ್ಟಪಟ್ಟವರನ್ನು ನಾಯಕರು ಮೃದುವಾಗಿ ನಡೆಸಿಕೊಂಡರು. ಕೊಟ್ಟವರಿಗೆ ಒಂದು ಖರ್ಜೂರದಷ್ಟೂ ಬಡ್ಡಿ ಬರಲಿಲ್ಲ. ಅವರ ಮೂಲಧನವೂ ನಷ್ಟವಾಗಲಿಲ್ಲ.

ನಗರಗಳು ಬೆಳೆದಾಗ

ಖಲೀಫಾ ಉಮರ್(ರ)ರ ಕಾಲದಲ್ಲಿ, ಕ್ರಿ.ಶ. 638ರ ಸುಮಾರಿಗೆ, ಇರಾಕಿನಲ್ಲಿ ಬಸ್ರಾ ಮತ್ತು ಕೂಫಾ ನಗರಗಳು ತಲೆಯೆತ್ತಿದವು. ಅಲ್ಲಿ ನೆಲೆಸಲು ಬಂದವರಿಗೆ ಗೋತ್ರವಾರು ನಿವೇಶನ ಗುರುತಿಸಿ ಕೊಡಲಾಯಿತು. ಮೊದಲು ಜೊಂಡಿನ ಗುಡಿಸಲುಗಳಿದ್ದವು. ಬೆಂಕಿ ಬಿದ್ದು ಅವು ಸುಟ್ಟಾಗ ಇಟ್ಟಿಗೆಯಲ್ಲಿ ಕಟ್ಟಲು ಖಲೀಫರು ಅನುಮತಿ ಕೊಟ್ಟರು. ಒಬ್ಬೊಬ್ಬರೂ ಮೂರು ಕೋಣೆಗಳಿಗಿಂತ ಹೆಚ್ಚು ಕಟ್ಟಬಾರದು, ಕಟ್ಟಡದ ಎತ್ತರದಲ್ಲಿ ಪೈಪೋಟಿ ಬೇಡ ಎಂಬ ಷರತ್ತು ವಿಧಿಸಿದರೆಂದು ತಬರಿಯವರ ಇತಿಹಾಸದಲ್ಲಿದೆ. ಕೂಫಾದ ಮುಖ್ಯ ಬೀದಿಗಳಿಗೆ 40 ಮೊಳ, ಓಣಿಗಳಿಗೆ 7 ಮೊಳ ಅಗಲ ನಿಗದಿಯಾಗಿತ್ತು. ಎಲ್ಲರಿಗೂ ಮೊದಲ ಮನೆ ಸಿಗಬೇಕಾದರೆ ಕೆಲವರ ಮನೆ ಅರಮನೆಯಾಗಬಾರದೆಂಬ ತಿಳಿವು ಈ ಷರತ್ತಿನಲ್ಲಿದೆ.

ವಕ್ಫ್ ಎಂಬ ಇನ್ನೊಂದು ದಾರಿಯೂ ತೆರೆದುಕೊಂಡಿತು. ಝುಬೈರ್ ಬಿನ್ ಅವ್ವಾಮ್(ರ)ರು ತಮ್ಮ ಮನೆಗಳನ್ನು ವಕ್ಫ್ ಮಾಡುವಾಗ, ವಿವಾಹ ಮುರಿದು ಮರಳಿದ ಹೆಣ್ಣುಮಕ್ಕಳಿಗೆ ಅಲ್ಲಿ ವಾಸಿಸುವ ಹಕ್ಕನ್ನು ಕಾದಿರಿಸಿದರು. ತಲಾಖ್ ಆದ ಮಗಳು ಅಣ್ಣತಮ್ಮಂದಿರ ಮನೆಯ ಮೂಲೆಯಲ್ಲಿ ಕಣ್ಣೀರಿಡುವ ಪರಿಸ್ಥಿತಿಯನ್ನು ಆ ಸಹಾಬಿ 14 ಶತಮಾನಗಳ ಹಿಂದೆಯೇ ಮುಂಗಂಡಿದ್ದರು.

ಮುಂದೆ ಉಸ್ಮಾನೀ ತುರ್ಕರ ಕಾಲದಲ್ಲಿ ನಗದು ವಕ್ಫ್‌ಗಳು ಬೆಳೆದವು. ಹಣವನ್ನೇ ವಕ್ಫ್ ಮಾಡಿ, ಅದರಿಂದ ಜನರಿಗೆ ನೆರವಾಗುವ ಕ್ರಮವದು. ಹಣ ಬೇಕಾದವನು ತನ್ನ ಮನೆಯನ್ನು ವಕ್ಫ್‌ಗೆ ಮಾರಿ, ಅದೇ ಮನೆಯಲ್ಲಿ ಬಾಡಿಗೆಗಿದ್ದು, ಹಣ ಮರಳಿಸಿ ಮನೆಯನ್ನು ಬಿಡಿಸಿಕೊಳ್ಳುತ್ತಿದ್ದನು. ಇದು ಹೆಸರು ಬದಲಿಸಿದ ಬಡ್ಡಿಯೆಂದು 16ನೇ ಶತಮಾನದ ವಿದ್ವಾಂಸ ಬಿರ್ಗಿವಿಯವರು ಕಟುವಾಗಿ ವಿರೋಧಿಸಿದರು. ಜನರ ಅಗತ್ಯವನ್ನೂ ರೂಢಿಯನ್ನೂ ಪರಿಗಣಿಸಿ ಶೈಖುಲ್ ಇಸ್ಲಾಮ್ ಅಬುಸ್ಸುಊದ್‌ರು ನಗದು ವಕ್ಫ್‌ಗಳನ್ನು ಸಮರ್ಥಿಸಿದರು. ಇಂದು ನಮ್ಮ ನಡುವೆ ನಡೆಯುವ ಚರ್ಚೆ ಹೊಸದಲ್ಲವೆಂದು ತಿಳಿಯಲು ಇಷ್ಟು ಸಾಕು.

ವಲಸೆ ಹೋದವರ ಹುಡುಕಾಟ

ಕಳೆದ ಶತಮಾನದಲ್ಲಿ ಪಶ್ಚಿಮದ ದೇಶಗಳಿಗೆ ಹೋದ ಮುಸ್ಲಿಮರು ಮತ್ತೊಮ್ಮೆ ಮುಹಾಜಿರ್‌ಗಳ ಸ್ಥಿತಿಯಲ್ಲಿದ್ದರು. ಅಲ್ಲಿ ಮನೆ ಎಂದರೆ ಬ್ಯಾಂಕ್ ಸಾಲ, ಸಾಲ ಎಂದರೆ ಬಡ್ಡಿ. 1980ರ ದಶಕದ ಆರಂಭದಲ್ಲಿ ಕೆನಡಾದ ಟೊರಾಂಟೊದಲ್ಲಿ ಮುಸ್ಲಿಮರು ವಸತಿ ಸಹಕಾರ ಸಂಘವೊಂದನ್ನು ಕಟ್ಟಿದರು. ಸದಸ್ಯರು ಷೇರು ಕೊಳ್ಳುತ್ತಾರೆ. ಸಂಘವು ಆ ಹಣದಿಂದ ಮನೆ ಕೊಳ್ಳುತ್ತದೆ. ಮನೆಯಲ್ಲಿ ವಾಸಿಸುವ ಸದಸ್ಯ ಬಾಡಿಗೆ ಕೊಡುತ್ತಾ ತನ್ನ ಷೇರುಗಳನ್ನು ಹೆಚ್ಚಿಸಿಕೊಳ್ಳುತ್ತಾನೆ. ಷೇರುಗಳ ಮೊತ್ತ ಮನೆಯ ಬೆಲೆಗೆ ಸಮನಾದಾಗ ಮನೆ ಅವನದಾಗುತ್ತದೆ. ಒಬ್ಬನ ಉಳಿತಾಯ ಇನ್ನೊಬ್ಬನ ಸೂರಾಗುವ ವ್ಯವಸ್ಥೆ ಇದು.

ಬ್ರಿಟನ್ನಿನಲ್ಲಿ ತೊಡಕು ಬೇರೆಯಿತ್ತು. ಬ್ಯಾಂಕು ಮನೆಯನ್ನು ತಾನು ಕೊಂಡು, ಲಾಭ ಸೇರಿಸಿ ಅಥವಾ ಪಾಲುದಾರಿಕೆಯಲ್ಲಿ ಗ್ರಾಹಕನಿಗೆ ಒಪ್ಪಿಸಿದರೆ, ಕಾನೂನಿನ ಕಣ್ಣಿಗೆ ಅದು ಎರಡು ಮಾರಾಟ. ಮುದ್ರಾಂಕ ಶುಲ್ಕವನ್ನೂ ಎರಡು ಬಾರಿ ಕಟ್ಟಬೇಕಿತ್ತು. ಹೀಗೆ ಬಡ್ಡಿಯಿಂದ ದೂರವಿರಲು ಬಯಸಿದ ಕುಟುಂಬ ಹೆಚ್ಚು ತೆರಿಗೆ ತೆರಬೇಕಾಗುತ್ತಿತ್ತು. ಸಮುದಾಯದ ಹಿರಿಯರು, ಬ್ಯಾಂಕಿನವರು, ಅಧಿಕಾರಿಗಳು ಒಟ್ಟಿಗೆ ಕುಳಿತು ಚರ್ಚಿಸಿದ ಫಲವಾಗಿ 2003ರ ಹಣಕಾಸು ಕಾಯಿದೆ ಈ ಇಮ್ಮಡಿ ಶುಲ್ಕವನ್ನು ತೆಗೆದುಹಾಕಿತು. ದೂರುತ್ತಾ ಕೂರದೆ, ಕಾನೂನಿನೊಳಗೆ ನಿಂತು ಕೇಳಿ ಪಡೆದ ಹಕ್ಕು ಅದು.

ಇದಕ್ಕೆ ಮೊದಲು, 1999ರಲ್ಲಿ ಡಬ್ಲಿನ್‌ನಲ್ಲಿ ಸೇರಿದ ಯುರೋಪಿನ ಫತ್ವಾ ಮತ್ತು ಸಂಶೋಧನಾ ಮಂಡಳಿಯು ಒಂದು ತೀರ್ಮಾನ ಪ್ರಕಟಿಸಿತ್ತು. ಬೇರೆ ದಾರಿಯೇ ಇಲ್ಲದ, ಸ್ವಂತ ಮನೆಯಿಲ್ಲದ, ಮನೆ ಕೊಳ್ಳುವಷ್ಟು ಮಿಗುತಾಯ ಹಣವಿಲ್ಲದ ಕುಟುಂಬವು ತಾನು ವಾಸಿಸುವ ಒಂದು ಮನೆಗಾಗಿ ಮಾತ್ರ ಬ್ಯಾಂಕ್ ಸಾಲ ಪಡೆಯಬಹುದೆಂಬ ವಿನಾಯಿತಿ ಅದರಲ್ಲಿತ್ತು. ಬಡ್ಡಿ ಹರಾಮ್ ಎಂಬುದನ್ನು ಒತ್ತಿ ಹೇಳಿ, ಪರ್ಯಾಯ ವ್ಯವಸ್ಥೆ ಕಟ್ಟುವುದು ಸಮುದಾಯದ ಕರ್ತವ್ಯವೆಂದೂ ಅದು ನೆನಪಿಸಿತ್ತು. ಅನೇಕ ಉಲಮಾಗಳು ಈ ವಿನಾಯಿತಿಯನ್ನು ಒಪ್ಪಲಿಲ್ಲ. ಬಾಡಿಗೆ ಮನೆ ಸಿಗುವಾಗ ಅನಿವಾರ್ಯತೆ ಎಲ್ಲಿದೆ ಎಂಬುದು ಅವರ ವಾದ. ಈ ಭಿನ್ನಾಭಿಪ್ರಾಯವನ್ನು ಬಗೆಹರಿಸುವ ಯೋಗ್ಯತೆ ನಮಗಿಲ್ಲ. ಆದರೆ ಇಷ್ಟನ್ನು ಹೇಳಬಹುದು: ಸಮುದಾಯ ದಾರಿ ಕಟ್ಟದೆ ಬಿಟ್ಟಲ್ಲಿ ಮುಫ್ತಿಗಳ ಮೇಲೆ ಹೊರೆ ಬೀಳುತ್ತದೆ.

ನಮ್ಮ ನಾಡು, ನಮ್ಮ ಮೊಹಲ್ಲಾ

ಭಾರತದಲ್ಲಿ ಬಡ್ಡಿರಹಿತ ಬ್ಯಾಂಕ್ ವ್ಯವಸ್ಥೆಗೆ ಅವಕಾಶ ಕಲ್ಪಿಸಬೇಕೆಂದು 2008ರಲ್ಲಿ ರಘುರಾಮ್ ರಾಜನ್ ಸಮಿತಿ ಶಿಫಾರಸು ಮಾಡಿತ್ತು. ಆದರೆ ಇಸ್ಲಾಮೀ ಬ್ಯಾಂಕಿಂಗ್ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕು 2017ರಲ್ಲಿ ತಿಳಿಸಿತು. ಹಾಗಾಗಿ ಟೊರಾಂಟೊ ಅಥವಾ ಲಂಡನ್ನಿನ ದಾರಿ ನಮಗೆ ಹಾಗೆಯೇ ಒದಗದು.

ಆದರೂ ಸರಕಾರದ ನೆರವು ಇದೆ. ಅದರಲ್ಲಿ ಎರಡು ಬಗೆಯಿರುವುದನ್ನು ನಮ್ಮ ಕುಟುಂಬಗಳು ಗುರುತಿಸುವುದು ಅಗತ್ಯ. ಒಂದು, ನೇರ ಸಹಾಯಧನ. 2016ರಲ್ಲಿ ಆರಂಭವಾದ ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಪಕ್ಕಾ ಮನೆಯಿಲ್ಲದ ಕುಟುಂಬಕ್ಕೆ ಬಯಲು ಪ್ರದೇಶದಲ್ಲಿ 1.20 ಲಕ್ಷ ರೂಪಾಯಿ, ಗುಡ್ಡಗಾಡು ಪ್ರದೇಶದಲ್ಲಿ 1.30 ಲಕ್ಷ ರೂಪಾಯಿ ನಿಗದಿಯಾಯಿತು. ನಮ್ಮ ರಾಜ್ಯದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ವಸತಿ ಯೋಜನೆಗಳನ್ನು ಜಾರಿಗೊಳಿಸುತ್ತದೆ. ಇದು ಮರಳಿಸಬೇಕಾದ ಸಾಲವಲ್ಲ, ಇದರಲ್ಲಿ ಬಡ್ಡಿಯೂ ಇಲ್ಲ. ನಾಡಿನ ಪ್ರಜೆಯಾಗಿ ನಮಗಿರುವ ಹಕ್ಕು.

ಇನ್ನೊಂದು, ಬ್ಯಾಂಕ್ ಸಾಲದ ಮೇಲಿನ ಬಡ್ಡಿಗೆ ಸಬ್ಸಿಡಿ. 2015ರ ನಗರ ಆವಾಸ್ ಯೋಜನೆಯಲ್ಲಿ ಕಡಿಮೆ ಆದಾಯದವರಿಗೆ 6 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಶೇಕಡಾ 6.5ರ ಬಡ್ಡಿ ಸಬ್ಸಿಡಿ ಇತ್ತು. ದೇಶದ ಯಾವ ಭಾಗದಲ್ಲೂ ಕುಟುಂಬಕ್ಕೆ ಪಕ್ಕಾ ಮನೆ ಇರಬಾರದೆಂಬ ಷರತ್ತಿತ್ತು. ಇಲ್ಲಿ ಹೊರೆ ಕಡಿಮೆಯಾಗುತ್ತದೆ ನಿಜ, ಆದರೆ ಒಪ್ಪಂದ ಬಡ್ಡಿಯ ಸಾಲದ್ದೇ. ಇಂತಹ ಸಾಲಕ್ಕೆ ಸಹಿ ಹಾಕುವ ಮೊದಲು ಪತ್ರಗಳನ್ನು ಬಲ್ಲ ಮುಫ್ತಿಯ ಮುಂದಿಟ್ಟು ಕೇಳಲೇಬೇಕು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಎಲ್ಲವೂ ಬಡ್ಡಿಯೇ ಎಂದು ಹೆದರಿ ಸಹಾಯಧನವನ್ನೂ ಬಿಟ್ಟುಕೊಟ್ಟ ಬಡ ವಿಧವೆಯರನ್ನು ನಾವು ಕಂಡಿದ್ದೇವೆ. ಎಲ್ಲವೂ ಸರಕಾರದ್ದೇ ಎಂದು ಯೋಚಿಸದೆ ಸಾಲಕ್ಕೆ ಸಹಿ ಹಾಕಿದವರನ್ನೂ ಕಂಡಿದ್ದೇವೆ. ಈ ಎರಡು ತಪ್ಪುಗಳಿಗೂ ಕಾರಣ ವಿವರಿಸಿ ಹೇಳುವವರಿಲ್ಲದಿರುವುದು.

ಒಂದು ಗಾಯದ ಮಾತನ್ನೂ ಮುಚ್ಚಿಡಬಾರದು. 2019ರಲ್ಲಿ ಬೆಂಗಳೂರಿನಲ್ಲಿ ‘ಹಲಾಲ್’ ಎಂಬ ಹೆಸರಿನಲ್ಲಿ ಹೂಡಿಕೆ ಸಂಗ್ರಹಿಸಿದ ಸಂಸ್ಥೆಯೊಂದು ಕುಸಿದಾಗ ಸಾವಿರಾರು ಕುಟುಂಬಗಳ ಉಳಿತಾಯ ಮುಳುಗಿತು. ಗಡ್ಡ ನೋಡಿ, ಸಲಾಮ್ ಕೇಳಿ ನಂಬಿದವರು ಅವರು. ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿಗಳನ್ನು ನಿಲ್ಲಿಸಿ ಎಂದು ಆದೇಶಿಸುವ ಬಕರ ಅಧ್ಯಾಯದ 282ನೇ ವಚನವು ಕುರ್‌ಆನಿನ ಅತ್ಯಂತ ದೀರ್ಘ ವಚನ. ಅದನ್ನು ಪಾರಾಯಣ ಮಾಡಿದವರೇ ಬರವಣಿಗೆಯಿಲ್ಲದೆ, ಲೆಕ್ಕ ಕೇಳದೆ ಹಣ ಕೊಟ್ಟರು. ಅನಾಥ ಹುಡುಗರಿಗೂ ಬೆಲೆ ಕೊಟ್ಟು, ಮರಗಳ ಲೆಕ್ಕವನ್ನೂ ಇಟ್ಟ ಮದೀನಾದ ಎಚ್ಚರ ನಮ್ಮಲ್ಲಿ ಇರಲಿಲ್ಲ.

ಹಾಗಾದರೆ ನಾವೇನು ಮಾಡಬಹುದು? ಒಂದು ಜಮಾಅತ್ ವರ್ಷಕ್ಕೆ ಒಂದೇ ಕುಟುಂಬವನ್ನಾದರೂ ಆರಿಸಿ, ಮೊದಲ ಮನೆಯ ಮುಂಗಡಕ್ಕೆ ಕರ್ಝೆ ಹಸನ್ ಕೊಡಬಹುದು. ನೋಂದಾಯಿತ ಸಂಘ, ಲಿಖಿತ ಕರಾರು, ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ ಇವು ಇರಲೇಬೇಕು. ಮರಳಿ ಬಂದ ಹಣ ಮುಂದಿನ ಕುಟುಂಬಕ್ಕೆ ಹೋಗಲಿ. ಮೊಹಲ್ಲಾದ ಓದಿದ ಹುಡುಗ ಹುಡುಗಿಯರು ಸರಕಾರಿ ಯೋಜನೆಗಳ ಅರ್ಜಿ ತುಂಬಿಸಿ, ಪಂಚಾಯತಿಗೆ ಅಲೆಯುವ ಕಷ್ಟದಲ್ಲಿ ಜೊತೆಯಾಗಲಿ. ನಿವೇಶನ ಹೆಚ್ಚಿರುವವರು ಒಂದನ್ನು ಕಂತಿನಲ್ಲಿ, ಬಡ್ಡಿಯಿಲ್ಲದೆ, ನಿಗದಿತ ಬೆಲೆಗೆ ಮಾರಲಿ. ಮದುವೆಯ ಒಂದು ಹೊತ್ತಿನ ಊಟಕ್ಕೆ ಲಕ್ಷಗಟ್ಟಲೆ ಸುರಿಯುವ ಸಮುದಾಯಕ್ಕೆ, ಮದುವೆಯಾದವರ ತಲೆಯ ಮೇಲೊಂದು ಸೂರು ನಿಲ್ಲಿಸುವುದು ಅಸಾಧ್ಯವಲ್ಲ.

ಮುಂದಿನ ಜುಮಾದಂದು ಯಾರಾದರೂ ಬಂದು ಮನೆಯ ಪ್ರಶ್ನೆ ಕೇಳಿದರೆ ನಾವು ಬಡ್ಡಿ ಹರಾಮ್ ಎಂದೇ ಹೇಳುತ್ತೇವೆ. ಅದರ ಜೊತೆಗೆ, ಬನ್ನಿ, ಕುಳಿತುಕೊಳ್ಳಿ, ನಿಮ್ಮ ಮನೆಗೆ ಏನು ಮಾಡಬಹುದೆಂದು ಒಟ್ಟಿಗೆ ನೋಡೋಣ ಎಂದೂ ಹೇಳುವಂತಾಗಬೇಕು. ಅಲ್ಲಾಹನು ನಮ್ಮ ಸ್ಥಿತಿವಂತರಿಗೆ ಹಾರಿಸಾ(ರ)ರ ಮನಸ್ಸನ್ನೂ, ನೆರವು ಪಡೆದವರಿಗೆ ಮುಹಾಜಿರ್‌ಗಳ ಪ್ರಾಮಾಣಿಕತೆಯನ್ನೂ, ಬಾಡಿಗೆ ಮನೆಯಲ್ಲಿ ದಣಿದ ಪ್ರತಿ ಕುಟುಂಬಕ್ಕೂ ನೆಮ್ಮದಿಯ ಹಲಾಲ್ ಸೂರನ್ನೂ ಕರುಣಿಸಲಿ. ಆಮೀನ್.